ನಾನು ಎಣಿಸಿದ ಸದ್ದು

ನನ್ನಪ್ಪ ಲಿಂಗಸುಗೂರು ಸುತ್ತಿನ ಕಣಗಳಲ್ಲಿ ಜೋಳ ಅಳೆಯುತ್ತಿದ್ದ. ರಾಶಿ ಯಾರದೇ ಆಗಿರಲಿ, ಸೇರು ಹಿಡಿಯುವ ಕೈ ಅವನದು. ಅವನ ಎಣಿಕೆಗೆ ಗೌಡರೂ ಎದುರಾಡುತ್ತಿರಲಿಲ್ಲ, ಆಳುಗಳೂ ಎದುರಾಡುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಜಂಬ ಪಡಲು ಬೇರೆ ಏನೂ ಇರಲಿಲ್ಲವಾದ್ದರಿಂದ ಈ ಒಂದು ಮಾತಿನ ಮೇಲೆಯೇ ನಾವೆಲ್ಲ ಸಾಕಷ್ಟು ಮೆರೆಯುತ್ತಿದ್ದೆವು. ನನಗಂತೂ ಆ ಸೊಕ್ಕು ಒಂದು ತೂಕ ಹೆಚ್ಚೇ ಇತ್ತು.

ನಮ್ಮ ಕಡೆ ರಾಶಿ ಅಳೆಯುವಾಗ ಮೊದಲ ಸೇರಿಗೆ ‘ಒಂದು’ ಅನ್ನುವುದಿಲ್ಲ, ‘ಲಾಭ’ ಅನ್ನುತ್ತಾರೆ. ಅದರ ಮುಂದಿನದು ಎರಡು, ಆಮೇಲೆ ಮೂರು. ಉಳಿದವರು ಸೇರು ತುಂಬಿ ಸುರಿಯುವಾಗ ಲಾಭ ಅಂದರೆ, ಅಪ್ಪ ಮಾತ್ರ ಖಾಲಿ ಸೇರನ್ನು ರಾಶಿಗೆ ಮುಟ್ಟಿಸಿ, ಕಣ್ಣು ಮುಚ್ಚಿ ಲಾಭ ಅಂದು, ಆಮೇಲೆ ತುಂಬುತ್ತಿದ್ದ. ಆ ಮೊದಲ ಸೇರನ್ನು ಮಾತಿಲ್ಲದೆ ಸುರಿಯುತ್ತಿದ್ದ. ಅದರ ಹೆಸರು ಆಗಲೇ ಹೇಳಿ ಮುಗಿದಿರುತ್ತಿತ್ತು. ಮುಂದಿನ ಸೇರಿಗೆ ಎರಡು ಅನ್ನುತ್ತಿದ್ದ. ನಾನು ಎಣಿಸಲು ಕಲಿತದ್ದು ಅವನ ಪಕ್ಕದಲ್ಲಿ ಕೂತು, ಹಾಗೆಯೇ. ಅಕ್ಷರ ಕಲಿತದ್ದು ಬಹಳ ಆಮೇಲೆ, ಮಕ್ಕಳು ದೊಡ್ಡವರಾದ ಮೇಲೆ.

ನನ್ನನ್ನು ಮಸ್ಕಿಗೆ ಕೊಟ್ಟರು. ನಿಜಾಮನ ಆಡಳಿತ ಹೋಗಿ ಎರಡು ಮೂರು ಬೇಸಿಗೆ ಕಳೆದಿದ್ದವು. ಸಿಂಧನೂರಿನ ಕಡೆಗೆ ದೊಡ್ಡ ಕಾಲುವೆ ತೋಡುವ ಕೆಲಸ ನಡೆದಿತ್ತು. ನೀರು ಬರುತ್ತದೆ, ಭತ್ತ ಬೆಳೆಯುತ್ತೇವೆ ಎಂದು ಹೊಲ ಇದ್ದವರು ಮಾತಾಡಿಕೊಳ್ಳುತ್ತಿದ್ದರು. ಹೊಲ ಇಲ್ಲದ ನಮಗೆ ಕಾಲುವೆ ಎಂದರೆ ಕಲ್ಲು. ಮಸ್ಕಿಯಿಂದ ಮೂರು ಮೈಲಿ ದೂರದಲ್ಲಿ ಕಾಲುವೆಯ ದಾರಿಗೆ ಒಂದು ಕರೀ ಬಂಡೆ ಅಡ್ಡ ಬಂದಿತ್ತು. ನನ್ನ ಗಂಡ ಆ ಬಂಡೆಗೆ ತೂತು ಕೊರೆಯುವ ಕೆಲಸಕ್ಕೆ ಸೇರಿದ್ದ. ಮದುವೆಯಾದ ಮೂರನೇ ತಿಂಗಳಿಗೆ ನಾನೂ ತಲೆಗೆ ಸಿಂಬಿ ಸುತ್ತಿಕೊಂಡು ಕಲ್ಲಿನ ಬುಟ್ಟಿ ಹೊರಲು ಹೋದೆ.

ಕೆಲಸದ ರೀತಿ ಹೀಗಿತ್ತು. ಇಬ್ಬರು ಗಂಡಸರು ಎದುರುಬದುರು ನಿಂತು ಆಳೆತ್ತರದ ಕಬ್ಬಿಣದ ಹಾರೆಯನ್ನು ಎತ್ತಿ ಎತ್ತಿ ಬಂಡೆಗೆ ಬಿಡುತ್ತಾರೆ. ಹಾರೆ ಒಬ್ಬನಿಂದ ಎತ್ತುವಂಥದ್ದಲ್ಲ. ಇಬ್ಬರ ಉಸಿರೂ ಒಂದಾಗಬೇಕು. ಮಧ್ಯಾಹ್ನ ದಾಟುವ ಹೊತ್ತಿಗೆ ಮೊಳದುದ್ದದ ತೂತು ಆಗುತ್ತದೆ. ಸಾಯಂಕಾಲದ ಹೊತ್ತಿಗೆ ಅಂಥ ಏಳೆಂಟು ತೂತುಗಳಿಗೆ ಮದ್ದು ತುಂಬಿ, ಬತ್ತಿ ಇಟ್ಟು, ಬಾಯಿ ಮುಚ್ಚುವಂತೆ ಹಸಿ ಮಣ್ಣು ಗಿಡಿದು, ಎಲ್ಲರನ್ನೂ ದೂರ ಓಡಿಸಿ ಬೆಂಕಿ ಹಚ್ಚುತ್ತಾರೆ. ಒಂದರ ಹಿಂದೆ ಒಂದು ಹಾರುತ್ತವೆ. ಎಷ್ಟು ತೂತಿಗೆ ಬತ್ತಿ ಹಚ್ಚಿದ್ದಾರೋ ಅಷ್ಟು ಸದ್ದು ಕೇಳಬೇಕು. ಒಂದು ಕಡಿಮೆ ಕೇಳಿದರೂ ಒಂದು ತೂತಿನಲ್ಲಿ ಮದ್ದು ಹಾಗೇ ಉಳಿದಿದೆ ಎಂದೇ ಅರ್ಥ. ಮರುದಿನ ಆ ಜಾಗಕ್ಕೆ ಕೈ ಹಚ್ಚುವಂತಿಲ್ಲ.

ಮೊದಲು ಅಲ್ಲಿ ಒಂದು ಖಾಯಂ ಗ್ಯಾಂಗು ಇತ್ತು. ತಲೆಮಾರುಗಳಿಂದ ಕಲ್ಲು ಒಡೆಯುವ ಜನ ಅವರು. ಬತ್ತಿ ಹಚ್ಚುವ ಮುದುಕ ತೂತಿಗೊಂದರಂತೆ ಹರಳುಗಳನ್ನು ಎಡಗೈಯಲ್ಲಿ ಹಿಡಿದುಕೊಂಡು ಓಡಿ ಬರುತ್ತಿದ್ದ. ಒಂದು ಸದ್ದಿಗೆ ಒಂದು ಹರಳು ಕೆಳಗೆ ಬಿಡುತ್ತಿದ್ದ. ಅವನ ಹೆಂಡತಿ ಬೇರೆ ಕಡೆ ಕೂತು ಬೆರಳು ಮಡಚುತ್ತಿದ್ದಳು. ಇಬ್ಬರ ಲೆಕ್ಕವೂ ಕೂಡಿದರೆ ಮಾತ್ರ ಮನೆಗೆ. ಒಂದು ಸಲ ಕೂಡಲಿಲ್ಲ. ಮುದುಕ ಸುಣ್ಣದ ಡಬ್ಬಿ ತಂದು ಆ ತೂತಿನ ಸುತ್ತ ಗೆರೆ ಎಳೆದ. ಮರುದಿನ ತಾನೇ ನಿಂತು, ಯಾರನ್ನೂ ಹತ್ತಿರ ಬಿಡದೆ, ನೀರು ಹೊಯ್ದು ಮದ್ದು ತೊಯ್ಯಿಸಿ ತೆಗೆದ. ನಾವು ಹೆಂಗಸರು ಅರ್ಧ ದಿನ ಕೆಲಸವಿಲ್ಲದೆ ಹುಣಸೆ ಗಿಡದ ಕೆಳಗೆ ಕೂತು ಅವನನ್ನು ಬೈದೆವು. ಬೈದವರಲ್ಲಿ ನನ್ನ ದನಿಯೇ ಜೋರಾಗಿತ್ತು.

ಆ ಬೇಸಿಗೆಯಲ್ಲಿ ಹೊಸ ಮೇಸ್ತ್ರಿ ಬಂದ. ತೆಳ್ಳಗಿನ, ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡ, ಯಾವಾಗಲೂ ಅವಸರದಲ್ಲಿರುವ ಮನುಷ್ಯ. ಖಾಯಂ ಗ್ಯಾಂಗಿನವರು ಒಟ್ಟಾಗಿ ಕೂತು ಒಟ್ಟಾಗಿ ಮಾತಾಡುವುದು ಅವನಿಗೆ ಹಿಡಿಸಲಿಲ್ಲ. ಅವರನ್ನು ಸಿಂಧನೂರಿನ ಆಚೆಯ ಕೆಲಸಕ್ಕೆ ಲಾರಿಯಲ್ಲಿ ತುಂಬಿ ಕಳಿಸಿದ. ಇಲ್ಲಿಗೆ ರೋಜಿನ ಆಳು ಎಂಬ ದಿನಗೂಲಿಯ ಪದ್ಧತಿ ಬಂತು. ಹೊತ್ತು ಹುಟ್ಟುವ ಮೊದಲೇ ಬಂಡೆಯ ಹತ್ತಿರ ಹೋಗಿ ನಿಲ್ಲಬೇಕು. ಅವನು ಬೆರಳು ತೋರಿಸಿ ಆರಿಸುತ್ತಾನೆ. ಇವತ್ತು ಇದ್ದವರು ನಾಳೆ ಇಲ್ಲ. ಇಬ್ಬರನ್ನು ಸತತ ಎರಡು ದಿನ ಒಂದೇ ಹಾರೆಗೆ ಬಿಡುತ್ತಿರಲಿಲ್ಲ. ಜೋಡಿಯಾದರೆ ಮಾತು ಬೆಳೆಯುತ್ತದೆ, ಮಾತು ಬೆಳೆದರೆ ಕೆಲಸ ನಿಲ್ಲುತ್ತದೆ ಎನ್ನುವುದು ಅವನ ಲೆಕ್ಕಾಚಾರ.

ಇದರ ಫಲ ನಮ್ಮ ಮನೆಯ ಒಲೆಯ ಮುಂದೆಯೇ ಕಾಣತೊಡಗಿತು. ಗಂಡ ದಿನಕ್ಕೊಂದು ಗಾಯ ತರುತ್ತಿದ್ದ. ಒಂದು ದಿನ ಹೆಬ್ಬೆರಳಿನ ಉಗುರು ಹೋಗಿತ್ತು. ಇನ್ನೊಂದು ದಿನ ಪಾದ ಊದಿತ್ತು. ತುರ್ವಿಹಾಳದಿಂದ ಬಂದವನು ಗಕ್ಕನೆ ಬಿಡುತ್ತಾನೆ, ಬಳಗಾನೂರಿನವನು ತಡೆದು ಬಿಡುತ್ತಾನೆ, ಪಾಲಮೂರು ಕಡೆಯಿಂದ ಬಂದ ತೆಲುಗಿನವನಿಗೆ ಹೇಳಿದ್ದು ತಿಳಿಯುವುದಿಲ್ಲ. ಕೆಮ್ಮಂತೂ ಅವನನ್ನು ಬಿಡಲೇ ಇಲ್ಲ. ಮೊದಲು ತೂತಿಗೆ ನೀರು ಹನಿಸುತ್ತಾ ಕೊರೆಯುತ್ತಿದ್ದರು, ಧೂಳು ಏಳುತ್ತಿರಲಿಲ್ಲ. ಈಗ ನೀರು ತರುವುದು ಯಾರ ಕೆಲಸ ಎಂದೇ ಗೊತ್ತಿರಲಿಲ್ಲ, ಆದ್ದರಿಂದ ಯಾರೂ ತರುತ್ತಿರಲಿಲ್ಲ.

ನಾನು ಅರಿಶಿನ ಎಣ್ಣೆ ಬಿಸಿ ಮಾಡಿ ಹಚ್ಚುತ್ತಾ ರೇಗುತ್ತಿದ್ದೆ. “ನೋಡಿ ಹಾರಿ ಹಿಡೀಬಾರದೇನ್ರಿ? ಕಣ್ಣು ಎಲ್ಲಿಟ್ಟಿರ್ತೀರಿ?”

“ನನ್ನ ಕಣ್ಣು ನನ್ನ ಹತ್ರನಽ ಐತಿ,” ಅನ್ನುತ್ತಿದ್ದ ಅವನು. “ಎದರಿಗಿದ್ದಾವನ ಕಣ್ಣು ಎಲ್ಲಿ ಐತಿ ಅಂತ ತಿಳಿಯಾಕ ನಾಕು ದಿನ ಬೇಕು. ಮೇಸ್ತ್ರಿ ಒಂದ ದಿನ ಕೊಡ್ತಾನ.”

ಅವನು ನಗುತ್ತಾ ಹೇಳಿದ್ದ. ನನಗೂ ನಗು ಬಂದಿತ್ತು.

ಒಂದು ಸಾಯಂಕಾಲ ಎಂಟು ತೂತುಗಳಿಗೆ ಮದ್ದು ತುಂಬಿದ್ದರು. ಅವತ್ತು ಗಂಡನ ಆಯ್ಕೆಯಾಗಿರಲಿಲ್ಲ, ನನ್ನದಾಗಿತ್ತು. ಬತ್ತಿ ಹಚ್ಚುವವನು ಮುದಗಲ್ ಕಡೆಯ ಹೊಸಬ. ಹಚ್ಚಿದ ಮೇಲೆ ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಅವನು ಬಹಳ ದೂರ ಓಡಿಹೋಗುವವನೇ. ಮೇಸ್ತ್ರಿ ಸುತ್ತಲೂ ನೋಡಿದ. ಎಣಿಸುವವರು ಯಾರೂ ಇಲ್ಲ ಎನ್ನುವುದು ಅವನಿಗೆ ಆಗ ಹೊಳೆದಿರಬೇಕು.

“ಏ ತಂಗಿ, ನೀ ಆ ಜೋಳ ಅಳ್ಯಾವನ ಮಗಳಲ್ಲೇನು?” ಅಂದ. “ನೀ ಎಣಿಸು. ಎಷ್ಟ ಸಪ್ಪಳಾತು ನನಗ ಹೇಳು.”

ನನಗಾದ ಹಿಗ್ಗು ಹೇಳುವುದಕ್ಕೂ ಈಗ ನಾಚಿಕೆ. ಅಷ್ಟು ಗಂಡಸರ ನಡುವೆ ನನ್ನನ್ನು ಕರೆದ, ಅಪ್ಪನ ಹೆಸರಿನಿಂದ ಕರೆದ. ನಾನು ಸೆರಗು ಬಿಗಿದು ಒಂದು ಗುಂಡುಕಲ್ಲಿನ ಹಿಂದೆ ಕೂತೆ. ಪಕ್ಕದಲ್ಲಿ ಅವತ್ತೇ ಬಂದ ಒಬ್ಬ ಮುದುಕಿ ಕಿವಿ ಮುಚ್ಚಿಕೊಂಡು ಕೂತಳು. “ಹಚ್ಚ್ಯಾನ, ಹಚ್ಚ್ಯಾನ” ಎಂದು ಕೂಗು ಎದ್ದಿತು. ಕೆಲಸ ಶುರುವಾಯಿತು ಎಂದು ನನ್ನ ಮೈಗೆ ಅನ್ನಿಸಿತು. ಅಂಗೈ ನೆಲಕ್ಕೆ ಮುಟ್ಟಿಸಿದೆ. ತುಟಿ ತಾನಾಗಿ ಅಲುಗಿತು. ಆಮೇಲೆ ಬಹಳ ಹೊತ್ತು ಏನೂ ಕೇಳಲಿಲ್ಲ. ಆಮೇಲೆ ಬಂಡೆ ಹಾರಿತು. ಒಂದರ ಬೆನ್ನಿಗೊಂದು ಹಾರುತ್ತಾ ಹೋದವು. ನೆಲ ನಡುಗುತ್ತಿತ್ತು, ಚೂರುಗಳು ಸುತ್ತ ಬೀಳುತ್ತಿದ್ದವು, ನಾನು ಮಾತ್ರ ಒಂದನ್ನೂ ತಪ್ಪದಂತೆ ಎಣಿಸುತ್ತಿದ್ದೆ.

ಸದ್ದು ನಿಂತ ಮೇಲೆ ಎದ್ದು ನಿಂತು ಗಟ್ಟಿಯಾಗಿ ಹೇಳಿದೆ. “ಎಂಟು, ಮೇಸ್ತ್ರಿ!”

ಮುದುಕಿ ಕಿವಿಯಿಂದ ಕೈ ತೆಗೆದು ನನ್ನ ಮುಖ ನೋಡಿದಳು. “ನನಗ ಏಳಽ ಕೇಳಿಸಿದಂಗಾತಲ್ಲವಾ.”

“ಕಿವಿ ಮುಚ್ಕೊಂಡು ಎಣಿಸಿದ್ರ ಹಂಗಽ ಆಕ್ಕೈತಿ, ಆಯಿ,” ಅಂದೆ ನಾನು. ಸುತ್ತ ಇದ್ದವರು ನಕ್ಕರು. ಮುದುಕಿ ಬುಟ್ಟಿ ಎತ್ತಿಕೊಂಡು ಹೋದಳು. ಅವಳು ಅವತ್ತಿನ ಆಳು. ಮರುದಿನ ಅವಳು ಎಲ್ಲಿದ್ದಳೋ, ಬದುಕಿರುವವರೆಗೆ ಎಲ್ಲಿದ್ದಳೋ ನನಗೆ ಗೊತ್ತಿಲ್ಲ.

ಮರುದಿನ ಬೆಳಿಗ್ಗೆ ಗಂಡ, ನಾನು ಇಬ್ಬರೂ ಹೋಗಿ ನಿಂತೆವು. ಮೇಸ್ತ್ರಿ ಅವನಿಗೆ ಬೆರಳು ತೋರಿಸಿದ, ನನ್ನನ್ನು ಬಿಟ್ಟ. ಹಿಂದಿನ ದಿನ ಎಣಿಸಿದವಳು ನಾನು ಎನ್ನುವುದಾಗಲಿ, ಹಚ್ಚಿದವನು ಎಲ್ಲಿದ್ದಾನೆ ಎನ್ನುವುದಾಗಲಿ ಅವನಿಗೆ ಬೇಕಾಗಿರಲಿಲ್ಲ. ಹೆಂಗಸರು ಹೆಚ್ಚಾಗಿದ್ದರು. ನಾನು ಸಿಟ್ಟಿನಿಂದ ಮಸ್ಕಿಗೆ ವಾಪಸು ನಡೆದೆ. ಗಂಡ ಆ ಕಡೆಯಿಂದ ಕೈ ಎತ್ತಿ, ಹೋಗು ಹೋಗು, ನಿನಗ ಆರಾಮ ಆತು, ಎನ್ನುವ ಹಾಗೆ ತೋರಿಸಿದ.

ಮನೆಗೆ ಬಂದು ನೀರು ತಂದು, ಕಸ ಹೊಡೆದು, ಬೀಸಲು ಜೋಳ ತೆಗೆಯಲು ಕೂತೆ. ಗಡಿಗೆಯ ಬಾಯಿ ಬಿಚ್ಚಿ ಖಾಲಿ ಸೇರನ್ನು ಜೋಳಕ್ಕೆ ಮುಟ್ಟಿಸಿದೆ. “ಲಾಭ,” ಅಂದೆ.

ಸೇರು ತುಂಬಿದೆ. ಮೊರಕ್ಕೆ ಸುರಿದೆ. ಮತ್ತೆ ತುಂಬಿದೆ. “ಎರಡು.”

ನನ್ನ ಕೈ ಅಲ್ಲೇ ನಿಂತಿತು. ನಿನ್ನೆ ಅಂಗೈ ನೆಲಕ್ಕೆ ಮುಟ್ಟಿಸಿದಾಗ ನನ್ನ ತುಟಿ ಏನು ಅಂದಿತ್ತು? ‘ಲಾಭ’ ಅಂದಿತ್ತು. ಒಂದೂ ಹಾರುವ ಮೊದಲೇ ಅಂದಿತ್ತು. ಹಾಗಾದರೆ ಮೊದಲನೆಯ ಸದ್ದಿಗೆ ನಾನು ಏನಂದೆ? ಕಣ್ಣು ಮುಚ್ಚಿ ನೆನಪು ಮಾಡಿಕೊಂಡೆ. ಕಣದಲ್ಲಿ ಅಪ್ಪ ಮೊದಲ ಸೇರನ್ನು ಸುಮ್ಮನೆ ಸುರಿಯುತ್ತಿದ್ದ. ಬಂಡೆ ಹಾರುವಾಗ ಸುಮ್ಮನಿರಲು ನನಗೆಲ್ಲಿಯ ಸಮಾಧಾನ? ಮೊದಲ ಸದ್ದಿಗೇ ನಾನು ಎರಡು ಅಂದಿದ್ದೆ. ಎಂಟು ಎಂದು ನಾನು ಎದ್ದು ನಿಂತಾಗ ಹಾರಿದ್ದವು ಏಳು. ಮುದುಕಿ ಹೇಳಿದ್ದೇ ಸರಿ.

ಸೇರು ಅಲ್ಲೇ ಬಿದ್ದಿತು. ಬಾಗಿಲು ಕೂಡ ಮುಚ್ಚದೆ ಓಡಿದೆ.

ಓಡುತ್ತಾ ನಾನು ಹೊತ್ತಿನ ಅಂದಾಜು ಹಾಕುತ್ತಿದ್ದೆ. ಬೆಳಿಗ್ಗೆ ಮೊದಲು ಹಾರಿದ ಕಲ್ಲು ತೆಗೆಯುತ್ತಾರೆ. ಅದು ಮುಗಿಯದೆ ಕೊರೆಯುವುದಕ್ಕೆ ಜಾಗ ಸಿಗುವುದಿಲ್ಲ. ಕಲ್ಲು ತೆಗೆಯಲು ಬುತ್ತಿ ಬಿಚ್ಚುವ ಹೊತ್ತಾಗುತ್ತದೆ. ಆದರೆ ಅವತ್ತು ಹೆಂಗಸರು ಹೆಚ್ಚಿದ್ದರಲ್ಲ, ಬೇಗ ಮುಗಿಸಿದರೆ? ಇನ್ನೊಂದು ಮಾತು ನೆನಪಾಯಿತು. ಕೊರೆಯುವವರಿಗೆ ಹಳೆಯ ತೂತಿನ ಗುರುತು ಕಂಡರೆ ಅದು ಅರ್ಧ ಕೆಲಸ ಉಳಿಸಿದ ಹಾಗೆ. ಅದರೊಳಗಿನ ಮಣ್ಣು ಕೆದರಿ ಅಲ್ಲಿಯೇ ಹಾರೆ ಬಿಡುತ್ತಾರೆ. ಖಾಯಂ ಗ್ಯಾಂಗಿನವರು ಹಾಗೆ ಮಾಡುತ್ತಿರಲಿಲ್ಲ. ಸಂಜೆಯೊಳಗೆ ಇಷ್ಟು ತೂತು ಆಗಲೇಬೇಕು, ಆಗದಿದ್ದರೆ ನಾಳೆ ನಿನ್ನ ಕಡೆ ಬೆರಳು ತೋರಿಸುವುದಿಲ್ಲ ಎಂದು ಹೇಳಿಸಿಕೊಂಡ ರೋಜಿನ ಆಳು ಮಾಡದೆ ಏನು ಮಾಡುತ್ತಾನೆ?

ಊರು ದಾಟಿದ ಮೇಲೆ ಒಂದು ಲಾರಿ ಹಿಂದಿನಿಂದ ಬಂತು. ರಸ್ತೆಯ ನಡುವೆ ನಿಂತು ಎರಡೂ ಕೈ ಎತ್ತಿದೆ. ಡ್ರೈವರ್ ಬೈಯುತ್ತಾ ಲಾರಿಯನ್ನು ನನ್ನ ಪಕ್ಕದಿಂದ ಹಾಯಿಸಿಕೊಂಡು ಹೋದ. ಅದು ಎಬ್ಬಿಸಿದ ಧೂಳು ಗಂಟಲಿಗೆ ಇಳಿದು ಉಸಿರು ಕಟ್ಟಿತು. ಒಬ್ಬ ಗಾಡಿಯವನು ಕರುಣೆಯಿಂದ ಹತ್ತಿಸಿಕೊಂಡ. ಎತ್ತುಗಳ ನಡಿಗೆ ನೋಡಿ ನನಗೆ ಅಳು ಬಂತು. ನೂರು ಮಾರು ಹೋಗುವುದರೊಳಗೆ ಇಳಿದು ಮತ್ತೆ ಓಡಿದೆ.

“ಏನಾತವಾ? ಯಾರಿಗೇನಾತು?” ಎಂದು ಅವನು ಹಿಂದಿನಿಂದ ಕೂಗಿದ.

“ಇನ್ನಾ ಆಗಿಲ್ಲ!” ಎಂದು ಕೂಗಿದೆ.

ಅದನ್ನೇ ಹೇಳಿಕೊಳ್ಳುತ್ತಾ ಓಡಿದೆ. ಇನ್ನಾ ಆಗಿಲ್ಲ, ಇನ್ನಾ ಆಗಿಲ್ಲ. ಆಗಿದ್ದರೆ ಸದ್ದು ಕೇಳಬೇಕಿತ್ತು. ಎದೆ ಹೊಡೆದುಕೊಳ್ಳುವ ಸದ್ದಿನಲ್ಲಿ ಅದು ಕೇಳದೇ ಹೋಗಿದೆಯೋ ಎಂದು ನಡುನಡುವೆ ನಿಂತು ಕಿವಿಗೊಡುತ್ತಿದ್ದೆ. ದೂರದಿಂದ ಹಾರೆ ಬೀಳುವ ಸದ್ದು ಬರತೊಡಗಿತು. ಕೊರೆಯಲು ಶುರು ಮಾಡಿದ್ದರು. ಒಂದು, ಒಂದಿಷ್ಟು ಬಿಡುವು, ಮತ್ತೊಂದು. ಅಷ್ಟು ದಿನ ಲಕ್ಷ್ಯವಿಲ್ಲದೆ ಕೇಳಿದ್ದ ಆ ಸದ್ದನ್ನು ಅವತ್ತು ಒಂದೊಂದಾಗಿ ಕೇಳುತ್ತಾ ಓಡಿದೆ.

ಕಾಲುವೆಯ ಏರಿ ಹತ್ತಿ ನಿಂತಾಗ ಕೆಳಗೆ ಎಲ್ಲವೂ ಕಂಡಿತು. ನಾಲ್ಕು ಹಾರೆಗಳು ಏಳುತ್ತಾ ಬೀಳುತ್ತಾ ಇದ್ದವು. ಹೆಂಗಸರು ಆ ಬದಿಯಲ್ಲಿ ಬುಟ್ಟಿ ಸುರಿಯುತ್ತಿದ್ದರು. ನನ್ನ ಗಂಡ ಒಡೆದ ಬಂಡೆಯ ಮೂಲೆಯಲ್ಲಿ, ಹಿಂದಿನ ದಿನದ ತೂತುಗಳು ಇದ್ದ ಜಾಗದಲ್ಲಿ ನಿಂತಿದ್ದ. ಅವನ ಎದುರಿಗೆ ತಲೆಗೆ ಕೆಂಪು ಚೌಕಳಿ ವಸ್ತ್ರ ಸುತ್ತಿದ ಒಬ್ಬನಿದ್ದ. ಅವನನ್ನು ನಾನು ಅವತ್ತೇ ಮೊದಲು ನೋಡಿದ್ದು. ಇಬ್ಬರ ಕಾಲ ಬಳಿ ಕೆದರಿ ತೆಗೆದ ಹಸಿ ಮಣ್ಣಿನ ಸಣ್ಣ ಗುಪ್ಪೆ ಇತ್ತು. ಬಂಡೆಯಲ್ಲಿ ಮಣ್ಣು ಎಲ್ಲಿಂದ ಬರಬೇಕು? ಅದು ನಿನ್ನೆ ಗಿಡಿದ ಮಣ್ಣು. ಹಾರೆ ಇಬ್ಬರ ಕೈಯಲ್ಲಿ ಮೇಲಕ್ಕೆ ಏಳುತ್ತಿತ್ತು.

“ಬಿಡ್ರೀ! ಬಿಟ್ಟು ಓಡ್ರೀ! ಏಳಽ ಹಾರ್ಯಾವು, ಎಂಟಲ್ಲ! ಒಂದು ಒಳಗೈತಿ!”

ಗಂಡ ನನ್ನ ದನಿ ಗುರುತಿಸಿದ. ತಲೆ ಎತ್ತಿದ. ಒಂದು ಗಳಿಗೆಯಲ್ಲಿ ಅವನಿಗೆ ಎಲ್ಲ ತಿಳಿಯಿತು. ಹಾರೆಯಿಂದ ಎರಡೂ ಕೈ ತೆಗೆದು ಪಕ್ಕಕ್ಕೆ ನೆಗೆದ. ಎದುರಿಗಿದ್ದವನು ತೆಲುಗಿನವನು. ನಾನು ಕೂಗಿದ್ದು ಅವನಿಗೆ ತಿಳಿಯಲಿಲ್ಲ. ಹಾರೆಯ ಪೂರ್ತಿ ಭಾರ ಒಮ್ಮೆಲೇ ಅವನೊಬ್ಬನ ಕೈಗೆ ಬಂತು. ಅವನು ಅದನ್ನು ಹಿಡಿದು ನಿಲ್ಲಿಸಲು ನೋಡಿದ. ಮೈ ಬಾಗಿಸಿ ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದ. ಅದು ಒಬ್ಬನಿಂದ ತಡೆಯುವಂಥದ್ದಲ್ಲ. ಜಾರಿ ತೂತಿನೊಳಗೆ ಇಳಿಯಿತು.

ಎಂಟನೆಯ ಸದ್ದು ಆಗ ಕೇಳಿತು.

ಧೂಳು ಇಳಿಯುವುದರೊಳಗೆ ನಾನು ಕೆಳಗಿದ್ದೆ. ಗಂಡ ಬೋರಲು ಬಿದ್ದಿದ್ದ. ಬೆನ್ನ ತುಂಬ ಕಲ್ಲಿನ ಚೂರು ನೆಟ್ಟಿದ್ದವು, ಬಲಗಿವಿಯಿಂದ ರಕ್ತ ಇಳಿಯುತ್ತಿತ್ತು, ಉಸಿರಿತ್ತು. ಇನ್ನೊಬ್ಬನನ್ನು ನೋಡಲು ನನಗೆ ಧೈರ್ಯ ಸಾಲಲಿಲ್ಲ. ಗಂಡಸರು ಕಂಬಳಿ ಹೊದಿಸಿದ ಮೇಲೆ ನೋಡಿದೆ. ಒಂದು ಕೈ ಮಾತ್ರ ಹೊರಗಿತ್ತು. ಅದಕ್ಕೆ ಏನೂ ಆಗಿರಲಿಲ್ಲ. ಮೊಣಕೈ ಕೆಳಗೆ ಚೇಳಿನ ಹಚ್ಚೆ ಇತ್ತು.

ಗುತ್ತೇದಾರನ ಕಡೆಯ ಒಬ್ಬ ಸಾಹೇಬ ಜೀಪಿನಲ್ಲಿ ಬಂದ. ನಿನ್ನೆ ಬತ್ತಿ ಹಚ್ಚಿದವನು ಯಾರು ಎಂದು ಕೇಳಿದ. ಅವನು ಇವತ್ತು ಬಂದಿಲ್ಲ. ಎಣಿಸಿದವರು ಯಾರು ಎಂದು ಕೇಳಿದ. ಮೇಸ್ತ್ರಿ ನನ್ನತ್ತ ತಿರುಗಿದ. ನಾನು ಗಂಡನ ತಲೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ನಮ್ಮಿಬ್ಬರ ಕಣ್ಣೂ ಕೂಡಿದವು. ಅವನಿಗೆ ನೆನಪಿತ್ತು, ಆಣೆ ಮಾಡಿ ಹೇಳುತ್ತೇನೆ. ನನ್ನ ಹೆಸರು ಹೇಳಿದರೆ ಖಾಯಂ ಗ್ಯಾಂಗನ್ನು ಕಳಿಸಿದ್ದು ಯಾರು, ಕಲ್ಲು ಹೊರುವ ಹೆಂಗಸನ್ನು ಎಣಿಸಲು ಕೂರಿಸಿದ್ದು ಯಾರು ಎಂಬ ಮಾತು ಬರುತ್ತದೆ ಎನ್ನುವುದೂ ಗೊತ್ತಿತ್ತು.

“ಯಾರೋ ರೋಜಿನಾಕಿ, ಸಾಹೇಬ್ರ,” ಅಂದ. “ಇವತ್ತ ಬಂದಿಲ್ಲ.”

ನಾನು ಬಾಯಿ ತೆರೆಯಲಿಲ್ಲ. ಯಾರನ್ನೂ ಗುರುತಿಟ್ಟುಕೊಳ್ಳದ ಆ ಪದ್ಧತಿಯನ್ನು ನಾನು ಆಮೇಲೆ ಜೀವನಪೂರ್ತಿ ಶಪಿಸಿದ್ದೇನೆ. ಆ ಗಳಿಗೆಯಲ್ಲಿ ಮಾತ್ರ ಅದರ ಹಿಂದೆಯೇ ಅಡಗಿ ಕೂತೆ.

ಸತ್ತವನ ಊರು ಯಾವುದು, ಹೆಸರೇನು ಎಂದು ಕೇಳಿದರು. ಯಾರಿಗೂ ಗೊತ್ತಿರಲಿಲ್ಲ. ಬೆಳಿಗ್ಗೆ ಬೆರಳು ತೋರಿಸಿದ್ದಕ್ಕೆ ಬಂದು ನಿಂತವನು. ಅವನ ಹಾರೆಗೆ ಜೋಡಿಯಾಗಿದ್ದ ನನ್ನ ಗಂಡನಿಗೂ ಗೊತ್ತಿರಲಿಲ್ಲ. ಖಬರು ಮುಟ್ಟಿಸುವುದು ಯಾರಿಗೆ? ಸಂಜೆಯವರೆಗೆ ಕಾದು ಏರಿಯ ಆಚೆ ಬೇವಿನ ಗಿಡದ ಹತ್ತಿರ ಮಣ್ಣು ಮಾಡಿದರು. ಮರುದಿನ ಬೆಳಿಗ್ಗೆ ಮೇಸ್ತ್ರಿ ಅವನ ಬದಲಿಗೆ ಇನ್ನೊಬ್ಬನ ಕಡೆ ಬೆರಳು ತೋರಿಸಿದನಂತೆ.

ಗಂಡನನ್ನು ಲಿಂಗಸುಗೂರಿನ ದವಾಖಾನೆಗೆ ಒಯ್ದೆವು. ಹದಿನೈದು ದಿನ ಅಲ್ಲಿದ್ದೆವು. ಬೆನ್ನಿನ ಚೂರು ತೆಗೆದರು, ಬಲಗಿವಿ ಕೇಳಿಸದಾಯಿತು. ದಿನವೂ ನಾನು ಹೇಳಬೇಕು ಎಂದುಕೊಂಡು ಅವನ ಹತ್ತಿರ ಕೂರುತ್ತಿದ್ದೆ, ಗಂಜಿ ಕುಡಿಸಿ ಎದ್ದುಬಿಡುತ್ತಿದ್ದೆ. ಕೊನೆಗೆ ಮಾತು ಎತ್ತಿದವನು ಅವನೇ.

“ನಿನ್ನ ಕೂಗು ಕೇಳಿಸ್ತು,” ಅಂದ. “ಈ ಕಿವಿ ಕಡೀಕ ಕೇಳಿದ್ದು ಅದಽ.”

“ನಾನಽ ತಪ್ಪು ಎಣಿಸಿದ್ದೆ,” ಅಂದೆ.

“ಗೊತ್ತೈತಿ. ಎಂಟಲ್ಲ ಅಂದೆಲ್ಲ.” ಗಂಜಿಯ ಬಟ್ಟಲು ಪಕ್ಕಕ್ಕೆ ಸರಿಸಿದ. “ನಾ ಕೈಯಾಗಿನ ಹಾರಿ ಬಿಡಬಾರದಾಗಿತ್ತು. ಎದರಿಗೆ ಒಬ್ಬಾಂವ ಅದಾನ ಅನ್ನೂದಽ ಮರ್ತೆ.”

ಆ ಮಾತಿಗೆ ನಾನು ಬಿಕ್ಕಿ ಬಿಕ್ಕಿ ಅತ್ತೆ. ಅವನು ಹಿಡಿದಿದ್ದರೆ ಇಬ್ಬರೂ ಹೋಗುತ್ತಿದ್ದರೋ, ಇಬ್ಬರೂ ಸೇರಿ ಹಾರೆಯನ್ನು ಮೆಲ್ಲಗೆ ಪಕ್ಕಕ್ಕೆ ಇಡುತ್ತಿದ್ದರೋ ಈಗಲೂ ನನಗೆ ತಿಳಿಯದು. ನಾನು ಕೂಗದೇ ಹೋಗಿದ್ದರೆ? ಇನ್ನೂ ಸ್ವಲ್ಪ ಹತ್ತಿರ ಹೋಗಿ ಮೆಲ್ಲಗೆ ಹೇಳಿದ್ದರೆ? ಆ ಪ್ರಶ್ನೆಗಳನ್ನು ಇಬ್ಬರೂ ಅಲ್ಲಿಗೇ ಬಿಟ್ಟೆವು. ಆಮೇಲೆ ನಲವತ್ತು ವರ್ಷ ಸಂಸಾರ ಮಾಡಿದರೂ ಮತ್ತೆ ಆ ವಿಷಯ ಎತ್ತಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಮಧ್ಯಾಹ್ನ ನಮ್ಮ ಓಣಿಗೆ ಒಬ್ಬ ಹೆಂಗಸು ಬಂದಳು. ನನ್ನದೇ ವಯಸ್ಸು. ಕಂಕುಳಲ್ಲಿ ಕೂಸು, ಕಾಲು ಧೂಳಿನಲ್ಲಿ ಬೆಳ್ಳಗಾಗಿತ್ತು. ಸಿಂಧನೂರಿನಿಂದ ಹಿಡಿದು ಕಾಲುವೆಯ ಒಂದೊಂದು ಕೆಲಸದ ಜಾಗಕ್ಕೂ ಹೋಗಿ ಕೇಳುತ್ತಾ ಬಂದಿದ್ದಳು. ಬೇಸಿಗೆಯಲ್ಲಿ ಕೆಲಸಕ್ಕೆಂದು ಹೋದ ಗಂಡ ತಿರುಗಿ ಬಂದಿಲ್ಲ. ಎಲ್ಲಿಯೂ ಯಾರಿಗೂ ಅವನ ಹೆಸರು ಗೊತ್ತಿಲ್ಲ. ತನ್ನ ಮುಂಗೈ ಮೇಲೆ ಬೆರಳಿನಿಂದ ಬರೆದು ತೋರಿಸಿದಳು. “ತೇಲು, ತೇಲು,” ಅಂದಳು. ಚೇಳಿಗೆ ಅವರ ಮಾತಿನಲ್ಲಿ ಹಾಗೆ ಅನ್ನುತ್ತಾರೆ. ಅಷ್ಟು ತೆಲುಗು ನನಗೆ ಬರುತ್ತಿತ್ತು.

ನನ್ನ ಗಂಡ ಕಟ್ಟೆಯ ಮೇಲೆ ಕೂತಿದ್ದ. ಅವನ ಬಲಗಡೆ ನಿಂತು ಅವಳು ಹೇಳಿದ್ದು ಅವನಿಗೆ ಕೇಳಿಸಲಿಲ್ಲ, ಕೈ ಮೇಲೆ ಬರೆದು ತೋರಿಸಿದ್ದು ಕಂಡಿತು. ಎದ್ದು ಒಳಗೆ ಹೋದ.

ನಾನು ಅವಳಿಗೆ ನೀರು ಕೊಟ್ಟೆ, ಕೂಸಿಗೆ ಹಾಲು ಕುಡಿಸಿದೆ. ಆಮೇಲೆ ಕರೆದುಕೊಂಡು ಹೋದೆ. ಮೂರು ಮೈಲಿ ನಡೆದೆವು. ಅರ್ಧ ದಾರಿಯಲ್ಲಿಯೇ ಅವಳಿಗೆ ತಿಳಿದಿತ್ತು. ಯಾಕೆಂದರೆ ಕೇಳುವುದನ್ನು ನಿಲ್ಲಿಸಿದ್ದಳು. ಬೇವಿನ ಗಿಡದ ಹತ್ತಿರ ಮಳೆಗೆ ಮಣ್ಣು ಕುಸಿದು ಸಮನಾಗಿತ್ತು, ಹುಲ್ಲು ಬಂದಿತ್ತು. ನಾನು ಕೈ ಮಾಡಿ ತೋರಿಸಿದೆ. ಅವಳು ಕೂಸನ್ನು ನನ್ನ ಕೈಗೆ ಕೊಟ್ಟು ನೆಲದ ಮೇಲೆ ಮಲಗಿಬಿಟ್ಟಳು. ಎಷ್ಟೋ ಹೊತ್ತಿನ ಮೇಲೆ ಎದ್ದು ಹೇಗಾಯಿತು ಎಂದು ಕೇಳಿದಳು.

ಹೇಳಬೇಕಾದದ್ದು ನನ್ನ ಗಂಟಲವರೆಗೆ ಬಂತು. ಅವಳ ಮಾತಿನಲ್ಲಿ ಹೇಳುವಷ್ಟು ತೆಲುಗು ನನಗೆ ಇತ್ತು. ಎಣಿಸಲು ಕೂಡ ಬರುತ್ತಿತ್ತು. “ಮದ್ದು ಹಾರ್ತು,” ಅಂದೆ, ಕನ್ನಡದಲ್ಲಿ. ಅಷ್ಟೇ ಅಂದೆ.

ಅವಳು ತಲೆ ಆಡಿಸಿದಳು. ಇಷ್ಟು ಊರು ತಿರುಗಿದೆ, ಯಾರೂ ಬಾಗಿಲೊಳಗೆ ಕರೆಯಲಿಲ್ಲ, ನೀನೊಬ್ಬಳು ನನ್ನ ಗಂಡನ ಮಣ್ಣು ತೋರಿಸಿದೆ ಎಂದು ಅಳುತ್ತಾ ಅಂದಳು. ಬಾಗಿ ಎರಡೂ ಕೈಗಳಿಂದ ನನ್ನ ಪಾದ ಮುಟ್ಟಿ ಹಣೆಗೆ ಒತ್ತಿಕೊಂಡಳು. ನಾನು ಕಾಲು ಹಿಂದಕ್ಕೆ ತೆಗೆಯಲಿಲ್ಲ.